ಗೆಡ್ಡೆಯ ಲೆಕ್ಕ, ಗಡಿಯ ಲೆಕ್ಕ

ರಾಜಾನುಕುಂಟೆಯ ಒಂದು ಮನೆಯಲ್ಲಿ ಸಾರಿನ ಪುಡಿಗೆಂದು ಹುರಿಯಲು ಕೂತರೆ, ಬಾಣಲೆಗೆ ಬೀಳುವುದರಲ್ಲಿ ಈ ಸೀಮೆಯದು ಎನ್ನುವಂಥದ್ದು ಬಹಳ ಕಡಿಮೆ. ಮೆಣಸಿನಕಾಯಿ ಬ್ಯಾಡಗಿ ಪೇಟೆಯದು, ಜೀರಿಗೆ ಗುಜರಾತಿನ ಉಂಝಾದ್ದು, ಕೊತ್ತಂಬರಿ ಬೀಜ ಬಹುಪಾಲು ರಾಜಸ್ಥಾನ, ಮಧ್ಯಪ್ರದೇಶ, ಗುಜರಾತುಗಳದ್ದು, ಕಾಳುಮೆಣಸು ಕೊಡಗು, ಹಾಸನಗಳ ಕಾಫಿ ತೋಟಗಳದ್ದು. ಅರಿಶಿನ ಚಾಮರಾಜನಗರದಲ್ಲೇ ಬೆಳೆದದ್ದಾದರೂ ಎಷ್ಟೋ ಸಲ ಈರೋಡಿನ ಮಾರುಕಟ್ಟೆ ಸುತ್ತಿಕೊಂಡು ಬಂದಿರುತ್ತದೆ. ಹುಣಸೆ, ಕರಿಬೇವು ಬಿಟ್ಟರೆ ಮಸಾಲೆಯ ಮಟ್ಟಿಗೆ ನಮ್ಮದೊಂದು ದ್ವೀಪ. ದೊಡ್ಡಬಳ್ಳಾಪುರ ರಸ್ತೆಯ ಬದಿಯ ರಾಗಿ ಹೊಲಗಳು ಬಡಾವಣೆಗಳಾದಷ್ಟೂ ಈ ಪರಾವಲಂಬನೆ ಹೆಚ್ಚಾಗುತ್ತಲೇ ಇದೆ. ಆದರೂ ನಾವು ನಿಶ್ಚಿಂತೆಯಿಂದಿರುವುದು ಉಂಝಾಕ್ಕೂ ನಮಗೂ ನಡುವೆ ಸುಂಕದ ಗಡಿಯಿಲ್ಲವೆಂಬ ಒಂದೇ ಕಾರಣಕ್ಕೆ. ನಿಜವಾದ ದ್ವೀಪಗಳಿಗೆ ಈ ಭಾಗ್ಯವಿಲ್ಲ. ಪಕ್ಕದ ಶ್ರೀಲಂಕಾ ತನ್ನ ಅಡುಗೆಮನೆಯ ಅರಿಶಿನವನ್ನು ತಾನೇ ಬೆಳೆದುಕೊಳ್ಳುತ್ತೇನೆಂದು ಹೊರಟಾಗ ನಡೆದದ್ದನ್ನು ಇಲ್ಲಿ ವಿವರವಾಗಿ ನೋಡಬೇಕೆಂದಿದ್ದೇನೆ. ಮಸಾಲೆಯ ಸ್ವಾವಲಂಬನೆ ಗಡಿ ಮುಚ್ಚುವುದರಿಂದ ಬರುವುದಿಲ್ಲ. ಆಯಾ ಬೆಳೆಯ ಬಿತ್ತನೆ ಎಷ್ಟು ವೇಗದಲ್ಲಿ ಹೆಚ್ಚಬಲ್ಲದು ಎಂಬುದೇ ಅದರ ಮಿತಿಯನ್ನು ಗೊತ್ತುಮಾಡುತ್ತದೆ ಎಂಬುದು ನನ್ನ ವಾದ.

ಲಂಕೆ ಮಸಾಲೆಗೆ ಬಡ ನಾಡಲ್ಲ. ವಿಸ್ತಾರದಲ್ಲಿ ಕರ್ನಾಟಕದ ಮೂರನೇ ಒಂದು ಭಾಗದಷ್ಟೇ ಇರುವ ಆ ದೇಶ ಅಸಲಿ ದಾಲ್ಚಿನ್ನಿಯಲ್ಲಿ ಇಡೀ ಜಗತ್ತಿಗೇ ಮುಂದು. ಕಾಳುಮೆಣಸು, ಲವಂಗ, ಜಾಯಿಕಾಯಿಗಳನ್ನೂ ಹೊರಗೆ ಕಳಿಸುತ್ತದೆ. ಆದರೆ ದಿನವೂ ಪ್ರತಿ ಮನೆಯ ಒಲೆಗೆ ಬೇಕಾದ ಅರಿಶಿನ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ರಫ್ತಿನಲ್ಲಿ ಶ್ರೀಮಂತಿಕೆ, ಮನೆಬಳಕೆಯಲ್ಲಿ ಪರಾವಲಂಬನೆ. ಈ ಎರಡೂ ಒಟ್ಟಿಗೇ ಇರಬಹುದೆಂಬುದನ್ನು ನಮ್ಮ ಯೋಜನಾಕಾರರು ಸುಲಭವಾಗಿ ಮರೆಯುತ್ತಾರೆ. ಸ್ಥಳೀಯ ರೈತರಿಗೆ ಉತ್ತೇಜನ ಕೊಡಬೇಕು, ವಿದೇಶಿ ವಿನಿಮಯ ಉಳಿಸಬೇಕು ಎಂಬ ಉದ್ದೇಶದಿಂದ ಅಲ್ಲಿನ ಸರ್ಕಾರ ಅರಿಶಿನದ ಆಮದನ್ನು ನಿಲ್ಲಿಸಿತು. ಅದರ ಹಿಂದೆಯೇ ಕೋವಿಡ್ ಬಂತು, ಅರಿಶಿನದ ಬೇಡಿಕೆ ಏರಿತು. 2020ರಲ್ಲಿ ನಮ್ಮ ಮಾರುಕಟ್ಟೆಗಳಲ್ಲಿ ಅರಿಶಿನ ಕ್ವಿಂಟಲಿಗೆ ಐದಾರು ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದು ರೈತ ಕಂಗಾಲಾಗಿದ್ದಾಗ, ಕೊಲಂಬೊದಲ್ಲಿ ಒಂದೇ ಕಿಲೋಗೆ ಹಲವು ಸಾವಿರ ಲಂಕಾ ರೂಪಾಯಿ ತೆರಬೇಕಾಯಿತು. ಪಾಕ್ ಜಲಸಂಧಿಯಲ್ಲಿ ದೋಣಿಗಳು ರಾತ್ರಿ ಅರಿಶಿನದ ಮೂಟೆ ಸಾಗಿಸತೊಡಗಿದವು. ಎರಡೂ ದಡಗಳಲ್ಲಿ ಮೂಟೆಗಳು ಜಪ್ತಿಯಾದವು. ಅಂಗಡಿಯ ಪುಡಿಗೆ ಹಿಟ್ಟು ಬೆರೆಯಿತು. ಬಡವರ ಮನೆಗೆ ಅಸಲಿ ಅರಿಶಿನ ಹೋಗುವುದು ನಿಂತೇಹೋಯಿತು.

ಇದಕ್ಕೆ ಅಧಿಕಾರಿಗಳ ಅದಕ್ಷತೆಯೇ ಕಾರಣವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಗುಂಡ್ಲುಪೇಟೆಯ ಯಾವ ಅರಿಶಿನದ ರೈತನನ್ನು ಕೇಳಿದ್ದರೂ ಬೇರೊಂದು ಕಾರಣ ತಿಳಿಯುತ್ತಿತ್ತು. ಅರಿಶಿನ ಬೀಜದಿಂದ ಬೆಳೆಯುವುದಿಲ್ಲ, ಗೆಡ್ಡೆಯಿಂದ ಬೆಳೆಯುತ್ತದೆ. ಒಂದು ಎಕರೆಗೆ ಎಂಟರಿಂದ ಹತ್ತು ಕ್ವಿಂಟಲ್ ಬಿತ್ತನೆ ಗೆಡ್ಡೆ ಬೇಕು. ಮುಂಗಾರಿನ ಹೊತ್ತಿಗೆ ನೆಟ್ಟದ್ದನ್ನು ಎಂಟೊಂಬತ್ತು ತಿಂಗಳ ಮೇಲೆ ಅಗೆದರೆ, ಬೆಳೆ ಚೆನ್ನಾಗಿದ್ದಲ್ಲಿ, ಎಂಬತ್ತರಿಂದ ನೂರು ಕ್ವಿಂಟಲ್ ಹಸಿ ಅರಿಶಿನ. ಅಂದರೆ ವರ್ಷಕ್ಕೆ ಒಂದಕ್ಕೆ ಹತ್ತು. ಹಸಿಯದನ್ನು ಬೇಯಿಸಿ, ಹತ್ತು ಹದಿನೈದು ದಿನ ಒಣಗಿಸಿ, ಪಾಲಿಶ್ ಮಾಡಿದರೆ ಉಳಿಯುವುದು ಐದನೇ ಒಂದು ಭಾಗ. ಒಂದು ದೇಶ ತನ್ನ ಅರಿಶಿನದ ಪ್ರದೇಶವನ್ನು ಮುಂದಿನ ವರ್ಷ ಐದು ಪಟ್ಟು ಮಾಡಬೇಕೆಂದರೆ ಈ ವರ್ಷದ ಫಸಲಿನ ಅರ್ಧವನ್ನು ಒಲೆಗೆ ಕೊಡದೆ ಮಣ್ಣಿಗೆ ಕೊಡಬೇಕು. ಕೊರತೆ ಹುಟ್ಟಿದ ಕ್ಷಣದಿಂದ ಅಡುಗೆಮನೆಯೂ ಹೊಲವೂ ಒಂದೇ ಗೆಡ್ಡೆಗೆ ಕೈಚಾಚುತ್ತವೆ. ಬೆಲೆ ಏರಿದಷ್ಟೂ ಗೆಡ್ಡೆ ಹೊಲ ಬಿಟ್ಟು ಗಿರಣಿಯ ಕಡೆ ಹೋಗುತ್ತದೆ. ಹೀಗೆ, ಬಿತ್ತನೆಯ ದಾಸ್ತಾನಿಲ್ಲದೆ ಹಾಕಿದ ನಿಷೇಧ ಯಾವ ಬೆಳೆಯನ್ನು ಬೆಳೆಸಬೇಕೆಂದಿತ್ತೋ ಅದರ ಬಿತ್ತನೆಯನ್ನೇ ತಿಂದುಹಾಕುತ್ತದೆ. ಮೆಣಸಿನಕಾಯಿಗಾಗಿದ್ದರೆ ಮಾತು ಬೇರೆ ಇತ್ತು. ಅದರಲ್ಲಿ ಕೆಲವು ನೂರು ಗ್ರಾಂ ಬೀಜ ಒಂದು ಎಕರೆಯ ಸಸಿಮಡಿಗೆ ಸಾಕು. ಕಾಳುಮೆಣಸು ಇನ್ನೊಂದು ತುದಿ: ಬಳ್ಳಿ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು, ಪೂರ್ಣ ಫಸಲಿಗೆ ಏಳೆಂಟು ವರ್ಷ. ಒಂದೇ ಸುತ್ತೋಲೆಯಿಂದ ಈ ಮೂರನ್ನೂ ಆಳಲಾಗದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಗಡಿ ತೆರೆದಿದ್ದರೆ ನಮ್ಮ ಬೆಳೆಗಾರ ಮುಳುಗುವುದಿಲ್ಲವೇ? ಕೊಡಗಿನವರು ಇದನ್ನು ಕೇಳುವುದಕ್ಕೆ ಕಾರಣವಿದೆ, ಮತ್ತು ಅವರ ಪ್ರಶ್ನೆಯಲ್ಲಿ ಲಂಕೆಯೇ ಎದುರುಪಕ್ಷ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ರಿಯಾಯಿತಿಯಲ್ಲಿ ಕಾಳುಮೆಣಸು ಬರುತ್ತಿತ್ತು. ವಿಯೆಟ್ನಾಮಿನ ಅಗ್ಗದ ಮೆಣಸು ಲಂಕೆಯ ಹೆಸರು ಹೊತ್ತು ಒಳಬರುತ್ತಿದೆಯೆಂದು ಬೆಳೆಗಾರರ ಸಂಘಟನೆಗಳು ಕೂಗಿಟ್ಟವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. 2018ರ ಮಾರ್ಚಿನಲ್ಲಿ ಅದಕ್ಕಿಂತ ಅಗ್ಗದ ಮೆಣಸಿನ ಆಮದನ್ನೇ ನಿಷೇಧಿಸಿತು. ಇಷ್ಟಾಗಿಯೂ ಬೆಲೆ ನಿಂತಿತೇ? ಒಂದು ಕಾಲಕ್ಕೆ 700 ರೂಪಾಯಿಯ ಸಮೀಪವಿದ್ದ ಮೆಣಸು 2019–20ರ ಹೊತ್ತಿಗೆ 350ರ ಕೆಳಕ್ಕೆ ಇಳಿದಿತ್ತು. ವಿಯೆಟ್ನಾಂ ವರ್ಷಗಳ ಹಿಂದೆಯೇ ನೆಟ್ಟ ಬಳ್ಳಿಗಳು ಫಲಕೊಡುತ್ತಿದ್ದವು, ಜಗತ್ತಿನ ಬೆಲೆ ಬಿದ್ದಿತ್ತು, ನಮ್ಮ ರಫ್ತು ಸೊರಗಿತ್ತು. ಗಡಿಯ ಬೇಲಿ ಇದಾವುದನ್ನೂ ತಡೆಯುವಂಥದ್ದಾಗಿರಲಿಲ್ಲ. ಸುಳ್ಳು ಮೂಲಪತ್ರದಲ್ಲಿ ಬರುವ ಮಾಲನ್ನು ತಡೆಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದು ಮೋಸವನ್ನು ನಿಲ್ಲಿಸುವ ಕೆಲಸ, ಬೆಳೆಯನ್ನು ಬೆಳೆಸುವ ಕೆಲಸವಲ್ಲ. ಬಂಡವಾಳ ಹೂಡಿ ಏಳು ವರ್ಷ ಕಾಯುವವನಿಗೆ ಬೇಕಾದದ್ದು ಸೊರಗು ರೋಗ ತಾಳುವ ಬಳ್ಳಿ ಮತ್ತು ಬೆಲೆ ಬಿದ್ದ ವರ್ಷ ಸರಕನ್ನು ಹಿಡಿದಿಟ್ಟುಕೊಳ್ಳುವ ತಾಕತ್ತು.

ಹಾಗಾದರೆ ಎಲ್ಲವನ್ನೂ ಪೇಟೆಗೇ ಬಿಡೋಣ, ದ್ವೀಪಗಳು ತಮಗೆ ಒದಗುವುದನ್ನು ಬೆಳೆದು ಉಳಿದದ್ದನ್ನು ಕೊಳ್ಳಲಿ ಎನ್ನುವವರಿದ್ದಾರೆ. ಕೆರಿಬಿಯನ್ನಿನ ಗ್ರೆನಡಾ ಹಾಗೆಯೇ ಜಾಯಿಕಾಯಿಯನ್ನು ನಂಬಿತ್ತು. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಅದರ ಬಹುಪಾಲು ಮರಗಳನ್ನು ಕೆಡವಿತು, ಮತ್ತೆ ನೆಟ್ಟ ಸಸಿ ಕಾಯಿ ಬಿಡಲು ವರ್ಷಗಳೇ ಬೇಕು. ಗಡಿಯೊಳಗೂ ಪೇಟೆಯೊಂದೇ ಸಾಲದೆಂಬುದನ್ನು ಬ್ಯಾಡಗಿ ತೋರಿಸಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ, ಸುತ್ತಲೂ ಶೀತಲ ಗೃಹಗಳು, ಎದುರಿಗೆ ಮಸಾಲೆ ಕಂಪನಿಗಳು. ಎಲ್ಲ ಇದ್ದೂ 2024ರ ಮಾರ್ಚಿನಲ್ಲಿ ಬೆಲೆ ದಿಢೀರನೆ ಕುಸಿದಾಗ ಅಲ್ಲಿನ ಎಪಿಎಂಸಿ ಕಚೇರಿಯ ಮುಂದೆ ವಾಹನಗಳು ಉರಿದವು. ಹಿಂದಿನ ವರ್ಷದ ಏರಿದ ಬೆಲೆ ನೋಡಿ ಎಲ್ಲರೂ ಬಿತ್ತಿದ್ದರು. ಬೀಜ ಬೇಗ ಹೆಚ್ಚುವ ಬೆಳೆಗೆ ಇರುವ ಅಪಾಯ ಇದು. ಅರಿಶಿನದಲ್ಲಿ ಬಿತ್ತನೆಯೇ ಸಿಗುವುದಿಲ್ಲ, ಮೆಣಸಿನಕಾಯಿಯಲ್ಲಿ ಬಿತ್ತುವವರಿಗೆ ಮುಂದಿನ ಬೆಲೆಯ ಸುಳಿವು ಸಿಗುವುದಿಲ್ಲ.

ಈ ಮಾತನ್ನು ರಾಜಾನುಕುಂಟೆಯಲ್ಲಿ ಆಡಲು ಇನ್ನೊಂದು ಕಾರಣವೂ ಇದೆ. ಪಕ್ಕದ ಹೆಸರಘಟ್ಟದಲ್ಲಿ 1967ರಿಂದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಅರ್ಕಾ ಮೇಘನಾ, ಅರ್ಕಾ ಹರಿತಾದಂಥ ಮೆಣಸಿನಕಾಯಿ ತಳಿಗಳು ಅಲ್ಲಿಂದಲೇ ಹೊರಬಂದವು. ಕೊಡಗಿನ ಚೆಟ್ಟಳ್ಳಿಯಲ್ಲಿ ಅದರದೇ ಪ್ರಯೋಗ ಕೇಂದ್ರವಿದೆ. ತಳಿ ಹುಟ್ಟುವುದಕ್ಕೂ ಅದರ ಬಿತ್ತನೆ ಸಾಕಷ್ಟು ಪ್ರಮಾಣದಲ್ಲಿ ಹೊಲ ಮುಟ್ಟುವುದಕ್ಕೂ ನಡುವಿನ ಕೆಲಸ ಮಾತ್ರ ಯಾರದೂ ಅಲ್ಲದ ಕೆಲಸವಾಗಿ ಉಳಿದಿದೆ. ಅರಿಶಿನದಲ್ಲಿ ಇದಕ್ಕೆ ದಾರಿ ಗೊತ್ತಿದೆ: ಗೆಡ್ಡೆಯನ್ನು ಇಡಿಯಾಗಿ ನೆಡದೆ ಒಂದೊಂದು ಕಣ್ಣಿರುವ ತುಂಡು ಮಾಡಿ, ಟ್ರೇಗಳಲ್ಲಿ ಸಸಿ ಎಬ್ಬಿಸಿ ನಾಟಿ ಮಾಡಿದರೆ ಬಿತ್ತನೆಯ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಒಂದಕ್ಕೆ ಹತ್ತು ಎಂಬ ಲೆಕ್ಕ ಒಂದಕ್ಕೆ ಇಪ್ಪತ್ತನ್ನು ದಾಟುತ್ತದೆ. ಲಂಕೆ ನಿಷೇಧಕ್ಕೆ ಎರಡು ವರ್ಷ ಮೊದಲು ಇಂಥ ಸಸಿಮಡಿಗಳನ್ನು ಎಬ್ಬಿಸಿ, ಗೆಡ್ಡೆಯ ದಾಸ್ತಾನು ಬೆಳೆದಂತೆ ಆಮದನ್ನು ಹಂತಹಂತವಾಗಿ ಇಳಿಸಿದ್ದರೆ ಅಲ್ಲಿನ ರೈತನಿಗೂ ಗೃಹಿಣಿಗೂ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಮ್ಮಲ್ಲಿ 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ಆರಂಭವಾಗಿದೆ. ರಫ್ತಿನ ಗುರಿಗಳನ್ನು ಹೇಳುವ ಮೊದಲು ಅದು ಚಾಮರಾಜನಗರದ ತಾಲೂಕುಗಳಲ್ಲಿ ಒಂದು ಕಣ್ಣಿನ ಸಸಿಮಡಿಗಳಿಗೆ ಹಣ ಕೊಡಲಿ, ತೋಟಗಾರಿಕೆ ಇಲಾಖೆ ಅವುಗಳ ರೋಗಮುಕ್ತತೆಗೆ ಹೊಣೆ ಹೊರಲಿ, ಸಸಿಗಳು ಮುಂಗಾರಿಗೆ ಮುಂಚೆಯೇ ರೈತರ ಕೈಯಲ್ಲಿರಲಿ.