ಕತ್ತರಿಸಿ ಕಟ್ಟಿದ ಬೈಕು



ಮುಂದಿನ ಚಕ್ರ ಎಷ್ಟೋ ದೂರ ಚಾಚಿಕೊಂಡ, ಹ್ಯಾಂಡಲ್ ಎದೆಮಟ್ಟಕ್ಕೆ ಏರಿದ ಬೈಕಿನ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದದ್ದನ್ನು ನಾನು ಕಂಡಿದ್ದೇನೆ. ಇಂದು ಅದರ ವಿಷಯವನ್ನೇ ನಿಮ್ಮ ಮುಂದಿಡುತ್ತೇನೆ. ಆ ಬಗೆಯ ಗಾಡಿಗೆ ಚಾಪರ್ ಎಂದು ಹೆಸರು. ಚಾಪ್ ಎಂದರೆ ಕತ್ತರಿಸು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಯುವಕರು ಭಾರವಾದ ಹಾರ್ಲೆ-ಡೇವಿಡ್‌ಸನ್ ಬೈಕುಗಳಿಂದ ಬೇಡವಾದದ್ದನ್ನೆಲ್ಲ ಕತ್ತರಿಸಿ ತೆಗೆದರು. ಅಂಗಡಿಯಲ್ಲಿ ಸಿಗದ ಭಾಗಗಳನ್ನು ಮನೆಯ ಶೆಡ್ಡಿನಲ್ಲೇ ಮಾಡಿಕೊಂಡರು.

ಕತ್ತರಿಸಲು ಗರಗಸ ಸಾಕು. ಜೋಡಿಸಲು ವಿದ್ಯೆ ಬೇಕು.

ಹ್ಯಾಂಡಲ್ ತಿರುಗುವ ಕೊಳವೆ ಚಾಸಿಯ ಮುಂಭಾಗದಲ್ಲಿ ಓರೆಯಾಗಿ ನಿಂತಿರುತ್ತದೆ. ಚಕ್ರ ಮುಂದಕ್ಕೆ ಚಾಚಬೇಕಾದರೆ ಚಾಸಿಯ ಕತ್ತನ್ನು ಕೊಯ್ದು, ಇನ್ನೂ ಓರೆಯಾಗಿ ಬೆಸೆಯಬೇಕು. ಆ ಕೊಳವೆಯ ಗೆರೆಯನ್ನು ನೆಲದವರೆಗೆ ಎಳೆಯಿರಿ. ಟೈರು ನೆಲ ಮುಟ್ಟುವ ಜಾಗಕ್ಕಿಂತ ಅದು ಸ್ವಲ್ಪ ಮುಂದೆ ತಾಗುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಗಾಡಿ ನೇರವಾಗಿ ಓಡಲು ಇದು ಬಹಳ ಮುಖ್ಯ. ಚಕ್ರದ ತ್ರಿಜ್ಯ 300 ಮಿ.ಮೀ., ಓರೆ 30 ಡಿಗ್ರಿ, ಚಕ್ರದ ಅಚ್ಚು ಆ ಗೆರೆಯಿಂದ 50 ಮಿ.ಮೀ. ಮುಂದೆ ಇದೆ ಎನ್ನೋಣ. 300ನ್ನು ಸೈನ್ 30ರಿಂದ ಗುಣಿಸಿ, 50 ಕಳೆದು, ಕಾಸ್ 30ರಿಂದ ಭಾಗಿಸಿ. ಸುಮಾರು 115 ಮಿ.ಮೀ. ಬರುತ್ತದೆ. ಓರೆಯನ್ನು 40 ಡಿಗ್ರಿಗೆ ಏರಿಸಿ ನೋಡಿ, 186 ಆಗುತ್ತದೆ. ಅಂಥ ಗಾಡಿ ಹೆದ್ದಾರಿಯಲ್ಲಿ ಗೆರೆ ಎಳೆದಂತೆ ಹೋಗುತ್ತದೆ. ಗಲ್ಲಿಯಲ್ಲಿ ನಿಧಾನವಾಗಿ ತಿರುಗಿಸುವಾಗ ಮಾತ್ರ ಚಕ್ರ ತಾನೇ ಒಂದು ಕಡೆಗೆ ವಾಲಿ ತೋಳು ಸೋಲಿಸುತ್ತದೆ. ಇನ್ನು ಟ್ರೇಲ್ ತೀರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ನಡುಗಿ ಸವಾರನನ್ನು ಕೆಡವಬಹುದು. (ಗಣಿತದ ಮೇಷ್ಟ್ರು ಕ್ಷಮಿಸಬೇಕು, ಅವರ ಪಾಠಕ್ಕೆ ಕೈ ಹಾಕಿದ್ದೇನೆ.)

ಬಲ್ಲವರು ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸುತ್ತಾರೆ. ಚಾಸಿಯನ್ನು ಅಲುಗದಂತೆ ಗಟ್ಟಿಯಾದ ಚೌಕಟ್ಟಿಗೆ ಬಿಗಿದು, ಎದುರುಬದುರಾಗಿ ಚುಕ್ಕಿ ಚುಕ್ಕಿ ವೆಲ್ಡಿಂಗ್ ಮಾಡುತ್ತಾರೆ. ಒಂದೇ ಕಡೆಯಿಂದ ಬೆಸೆದುಕೊಂಡು ಹೋದರೆ ಕಾವಿಗೆ ಕಬ್ಬಿಣ ಸೊಟ್ಟಗಾಗಿ, ಎರಡು ಚಕ್ರಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಕೊಳವೆ ಕೂಡುವ ಕಡೆ ಒಳಗೊಂದು ತುಂಡು ಕೂರಿಸುತ್ತಾರೆ. ಮೇಲೆ ಮಿನುಗುವ ಬೆಸುಗೆ ಒಳಗೆ ಹಿಡಿಯದೆಯೂ ಇರಬಹುದು, ಪೇಂಟ್ ಬಳಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡಿದವನಿಗೆ ಮಾತ್ರ ಗೊತ್ತು. ಹಳೆಯ ಪೆಟ್ರೋಲ್ ಟ್ಯಾಂಕಂತೂ ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ.

ಒಂದು ಮಾತು ಮರೆಯುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ತಯಾರಕರು ಕೊಟ್ಟ ರಚನೆಯನ್ನು ಹೀಗೆ ಬದಲಿಸಿ ರಸ್ತೆಗಿಳಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಬಿಡುವುದಿಲ್ಲ. ಅಣ್ಣನ ಬುಲೆಟ್ ಮೇಲೆ ಗರಗಸ ಇಡಬೇಡಿ.

ಇಂಥ ಕೆಲಸ ಬಲ್ಲವರನ್ನು ನಮ್ಮ ಗ್ಯಾರೇಜುಗಳಲ್ಲಿ ಉಸ್ತಾದ್ ಎನ್ನುತ್ತೇವೆ. ಉರ್ದುವಿನಲ್ಲಿ ಮೇಷ್ಟ್ರಿಗೂ ಅದೇ ಮಾತು. ಲಾಸ್ ಏಂಜಲಿಸ್‌ನಲ್ಲಿ ಬೆನ್ ಹಾರ್ಡಿ ಎಂಬ ಕಪ್ಪು ಜನಾಂಗದ ಉಸ್ತಾದರಿದ್ದರು. 1969ರಲ್ಲಿ ತೆರೆಕಂಡ ‘ಈಸಿ ರೈಡರ್’ ಚಲನಚಿತ್ರಕ್ಕೆ ಬೇಕಾದ ಚಾಪರ್‌ಗಳನ್ನು ಕಟ್ಟಿದವರು ಅವರು. ರೂಪ ಯೋಚಿಸಿದವರು ಕ್ಲಿಫ್ ವಾನ್, ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಇನ್ನೊಬ್ಬ ಕಪ್ಪು ಜನಾಂಗದವರು. ಪೊಲೀಸರು ಬಳಸಿ ಹರಾಜಿಗಿಟ್ಟ ಹಳೆಯ ಹಾರ್ಲೆಗಳನ್ನು ತಂದು ಕೆಲಸಕ್ಕೆ ಇಳಿದರು. ಟ್ಯಾಂಕಿನ ಮೇಲೆ ಅಮೆರಿಕದ ಬಾವುಟದ ನಕ್ಷತ್ರ, ಪಟ್ಟೆಗಳಿದ್ದ ಬೈಕು ಲೋಕಪ್ರಸಿದ್ಧವಾಯಿತು. ನಟರ ಹೆಸರು ಮನೆಮಾತಾಯಿತು. ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಬೈಕು ಕಟ್ಟಿದವರೆಂದು ಈ ಇಬ್ಬರ ಹೆಸರು ಬರಲೇ ಇಲ್ಲ. ಬಹಳ ಕಾಲ ಆ ಗಾಡಿಗಳನ್ನು ಯಾರು ಮಾಡಿದರೆಂಬುದೇ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಆ ಚಿತ್ರದ್ದೆಂದು ಹೇಳಲಾದ ಒಂದು ಬೈಕು 2014ರಲ್ಲಿ ಹದಿಮೂರೂವರೆ ಲಕ್ಷ ಡಾಲರಿಗೆ ಹರಾಜಾಯಿತು. ಅದು ಅಸಲಿಯೋ ನಕಲಿಯೋ ಎಂಬ ಜಗಳವೂ ಎದ್ದಿತು. ನೋಡಿ ಹೇಳಬಲ್ಲವರು ಹಾರ್ಡಿ. ಅವರು 1994ರಲ್ಲೇ ತೀರಿಕೊಂಡಿದ್ದರು.