ನಮ್ಮ ನಂತರ ಈ ಮಗುವಿಗೆ ಯಾರು?



ಬೌದ್ಧಿಕ ವಿಕಲತೆಯುಳ್ಳ ಮಗುವಿನ ತಾಯಿಯನ್ನು ಕಾಡುವ ಪ್ರಶ್ನೆ ಒಂದೇ: ‘ನಮ್ಮ ಕಾಲಾನಂತರ ಇವನಿಗೆ ಯಾರು?’ ‘ಅಲ್ಲಾಹನಿದ್ದಾನೆ, ಅಣ್ಣಂದಿರಿದ್ದಾರೆ’ ಎಂದು ನಾವು ಸಮಾಧಾನ ಹೇಳುತ್ತೇವೆ. ಆದರೆ ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಸೊತ್ತು ನಿರ್ವಹಿಸಲಾರದವರಿಗೆ ಅದರಿಂದಲೇ ಅನ್ನ, ಬಟ್ಟೆ ಒದಗಿಸಬೇಕು, ಅವರೊಡನೆ ಒಳ್ಳೆಯ ಮಾತನ್ನಾಡಬೇಕು ಎಂಬುದು ಸೂರಃ ಅನ್ನಿಸಾದ 5ನೇ ಸೂಕ್ತದ ಆದೇಶ. ‘ಅವನಿಗೇನು ತಿಳಿಯುತ್ತದೆ’ ಎಂದು ಅವನ ಪಾಲನ್ನು ನುಂಗುವವರು ಇದನ್ನು ನೆನಪಿಡಲಿ.

ಮಗನಿಗೆ 18 ತುಂಬಿದ ಬಳಿಕ ಹೆತ್ತವರೂ ಕಾನೂನಿನಲ್ಲಿ ತಾನಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಇಂತಹವರಿಗಾಗಿ ಪ್ರತಿ ಜಿಲ್ಲೆಗೊಂದು ಸ್ಥಳೀಯ ಸಮಿತಿಯ ವ್ಯವಸ್ಥೆಯಿದೆ. ಜಿಲ್ಲಾಧಿಕಾರಿಯೂ ಅದರ ಸದಸ್ಯರು. ಅಲ್ಲಿ ಅರ್ಜಿ ಸಲ್ಲಿಸಿ ಪೋಷಕರನ್ನು ನೇಮಿಸಿಕೊಳ್ಳಿರಿ.

ವಾರೀಸುದಾರನಾದ ಮಗನ ಹೆಸರಿಗೆ ಬರೆದ ವಸಿಯ್ಯತ್ ಇತರ ವಾರೀಸುದಾರರ ಸಮ್ಮತಿಯಿಲ್ಲದೆ ಸಲ್ಲದು. ಆದುದರಿಂದ ಬದುಕಿರುವಾಗಲೇ ಎಲ್ಲ ಮಕ್ಕಳನ್ನು ಕೂರಿಸಿ, ವಿದ್ವಾಂಸರನ್ನೂ ವಕೀಲರನ್ನೂ ಕೇಳಿ, ಅವನ ಅಗತ್ಯಕ್ಕೆ ಹಿಬಃ ಮಾಡುವ ಬಗ್ಗೆ ತೀರ್ಮಾನಿಸಿರಿ.

ಅವನ ಔಷಧಿ, ಇಷ್ಟದ ಊಟ, ಅಂಜಿಕೆ ಇವನ್ನೆಲ್ಲ ಇಂದು ಬಲ್ಲವಳು ತಾಯಿ ಮಾತ್ರ. ಅದನ್ನೂ ಬರೆದಿಡಿರಿ. ಅವನನ್ನು ನೋಡಿಕೊಳ್ಳಲಿರುವ ಕೈಗಳಿಗೆ ಅದುವೇ ದಾರಿದೀಪ.