ಖಾಲಿಯಾದ ಪಕ್ಕದ ಆಸನ

ಕೊಕ್ಕಡದ ಕಡೆಯ ಅಡಿಕೆ ತೋಟಗಳಲ್ಲಿ ಮರ ಹತ್ತಲು ಕಲಿಯುವ ಹುಡುಗನಿಗೆ ಒಂದು ವಿಶೇಷವಾದ ಕಷ್ಟವಿದೆ. ಅಡಿಕೆ ಮರ ಇಬ್ಬರನ್ನು ಹೊರುವುದಿಲ್ಲ. ಕಾಲಿಗೆ ತಳೆ ಹಾಕಿಕೊಂಡು, ಮೈಯನ್ನು ಮರಕ್ಕೆ ಒತ್ತಿ ಅವನು ಮೇಲೇರುವಾಗ ಕಲಿಸುವವನು ಬುಡದಲ್ಲಿ ನಿಂತು ಕೂಗಿ ಹೇಳಬಲ್ಲನೇ ಹೊರತು ಜಾರುವ ಕಾಲನ್ನು ಹಿಡಿಯಲಾರ. ಕೊಳೆರೋಗಕ್ಕೆ ಮದ್ದು ಬಿಡುತ್ತ ಮರದಿಂದ ಮರಕ್ಕೆ ಬಾಗಿ ದಾಟುವ ನಿಪುಣನೂ ತನ್ನ ಮೊದಲ ದಿನವೇ ಒಂಟಿಯಾಗಿದ್ದವನು. ಅಲ್ಲಿ ಕಲಿಕೆಯೂ ಒಂಟಿತನವೂ ಒಟ್ಟಿಗೇ ಆರಂಭವಾಗುತ್ತವೆ.

ವಿಮಾನ ನಡೆಸುವ ವಿದ್ಯೆಯ ಕ್ರಮ ಬೇರೆ. ಒಂಟಿತನವನ್ನು ಕೆಲವು ಕಾಲ ಮುಂದೂಡುವುದಕ್ಕೆಂದೇ ಅಲ್ಲಿ ಯಂತ್ರವನ್ನು ರೂಪಿಸಿದ್ದಾರೆ. 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿದ ಎಚ್‌ಟಿ-2 ವಿಮಾನವನ್ನೇ ನೋಡಿ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಈ ತರಬೇತಿ ವಿಮಾನದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಆಸನಗಳು. ಎರಡರ ಮುಂದೆಯೂ ಒಂದೊಂದು ನಿಯಂತ್ರಣ ದಂಡ. ಆಮೇಲೆ ಬಂದ ಪುಷ್ಪಕ್ ವಿಮಾನದಲ್ಲಿ ಗುರುಶಿಷ್ಯರು ಅಕ್ಕಪಕ್ಕದಲ್ಲೇ ಕೂರುತ್ತಿದ್ದರು. ಎರಡು ದಂಡಗಳೂ ಒಳಗೆ ಕೂಡಿಕೊಂಡಿರುವುದರಿಂದ ಒಬ್ಬರು ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ. ಶಿಷ್ಯನ ತಪ್ಪು ಗುರುವಿನ ಅಂಗೈಗೆ ತಿಳಿಯುತ್ತದೆ. ಗುರುವಿನ ತಿದ್ದುಪಡಿ ಶಿಷ್ಯನ ಅಂಗೈಗೆ ತಿಳಿಯುತ್ತದೆ. ಮಾತಿಗಿಂತ ಬೇಗ ಮುಟ್ಟುವ ಪಾಠ ಅದು.

ಎಚ್‌ಟಿ-2 ಹಾರಿದ ಅದೇ ವರ್ಷದ ಡಿಸೆಂಬರ್ 25ರಂದು ನಮ್ಮ ಜಿಲ್ಲೆಯ ಬಜಪೆಯ ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ಆದರೆ ಕಲಿಯುವವರು ಹೋಗಬೇಕಾಗಿದ್ದುದು ಬೆಂಗಳೂರಿನ ಹೊರವಲಯದ ಜಕ್ಕೂರಿಗೆ. 1948ರಲ್ಲಿ ಮೈಸೂರು ಸರ್ಕಾರ ಅಲ್ಲಿ ವಿಮಾನ ಚಾಲನಾ ಶಾಲೆಯನ್ನು ಸ್ಥಾಪಿಸಿತು. ಕ್ಯಾಪ್ಟನ್ ವಿ. ಸುಂದರಂ ಅದರ ಮುಖ್ಯಸ್ಥರಾಗಿದ್ದರು. ಅಲ್ಲಿ ತರಬೇತಿ ಮುಗಿಸಿದ ಮೊದಲ ಮಹಿಳೆ ಅವರ ಪತ್ನಿ ಉಷಾ ಸುಂದರಂ. ಮುಂದೆ ಜವಾಹರಲಾಲ್ ನೆಹರೂ, ಸರ್ದಾರ್ ಪಟೇಲ್ ಮೊದಲಾದವರು ಪಯಣಿಸಿದ ವಿಮಾನಗಳನ್ನು ಅವರು ನಡೆಸಿದರು. ಅದಕ್ಕೂ ಹಿಂದೆ, 1936ರಲ್ಲಿ, ಲಾಹೋರಿನಲ್ಲಿ 21 ವರ್ಷದ ಸರಳಾ ಠಕ್ರಾಲ್ ಸೀರೆಯುಟ್ಟುಕೊಂಡೇ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದ್ದರು. ಇಂತಹವರೆಲ್ಲರೂ ದಾಟಿ ಬಂದ ಹೊಸ್ತಿಲು ಒಂದೇ: ಪಕ್ಕದ ಆಸನ ಖಾಲಿಯಾದ ಆ ಮೊದಲ ದಿನ.

ಆ ದಿನ ಯಾವುದೆಂದು ಪಂಚಾಂಗ ನೋಡಿ ಹೇಳುವಂತಿಲ್ಲ. ನಮ್ಮ ದೇಶದಲ್ಲಿ ವಿದ್ಯಾರ್ಥಿ ಚಾಲಕನ ಪರವಾನಗಿ ಪಡೆಯಲು 16 ವರ್ಷ ತುಂಬಿರಬೇಕು, ವೈದ್ಯರು ದೇಹಸ್ಥಿತಿಯನ್ನು ಒಪ್ಪಬೇಕು, ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆದರೆ ಇವನು ಇಂದು ಒಂಟಿಯಾಗಿ ಹೋಗಬಲ್ಲ ಎಂದು ನಿರ್ಣಯಿಸುವವರು ಶಿಕ್ಷಕರೇ. ಬಹುಮಟ್ಟಿಗೆ ಅದನ್ನು ಮುಂಚಿತವಾಗಿ ಹೇಳುವುದೂ ಇಲ್ಲ. ಹೇಳಿದರೆ ಹಿಂದಿನ ರಾತ್ರಿಯ ನಿದ್ರೆ ಕೆಡುತ್ತದೆ. ಎಂದಿನಂತೆ ಕೆಲವು ಬಾರಿ ಏರಿ ಇಳಿದ ಬಳಿಕ ಅವರು ವಿಮಾನವನ್ನು ನಿಲ್ಲಿಸಿಸುತ್ತಾರೆ. ಕೆಳಗಿಳಿದು, ತಮ್ಮ ಆಸನದ ಪಟ್ಟಿಯನ್ನು ತಾವೇ ಬಿಗಿಯುತ್ತಾರೆ. ಸಡಿಲವಾಗಿ ಬಿಟ್ಟರೆ ಅದು ದಂಡಕ್ಕೆ ಸಿಕ್ಕಿಕೊಂಡೀತು. ‘ಒಂದು ಸುತ್ತು ಹೋಗಿ ಬಾ’ ಎಂದು ಹೇಳಿ ಬಾಗಿಲು ಮುಚ್ಚುತ್ತಾರೆ.

ಒಂದು ಸುತ್ತು ಎಂದರೆ ಹೆಚ್ಚಿನದೇನಲ್ಲ. ರನ್‌ವೇಯಿಂದ ಎದ್ದು, ನೆಲದಿಂದ ಸುಮಾರು 1000 ಅಡಿ ಎತ್ತರಕ್ಕೆ ಏರಿ, ಆಯತಾಕಾರದ ದಾರಿಯಲ್ಲಿ ನಾಲ್ಕು ತಿರುವುಗಳನ್ನು ತಿರುಗಿ, ಹೊರಟ ರನ್‌ವೇಗೇ ಮರಳಿ ಇಳಿಯುವುದು. ಎಲ್ಲ ಸೇರಿ ಕೆಲವೇ ನಿಮಿಷಗಳು. ಆದರೆ ಆ ನಿಮಿಷಗಳಲ್ಲಿ ಮೊದಲು ವ್ಯತ್ಯಾಸವನ್ನು ತೋರಿಸಿಕೊಡುವುದು ಮನಸ್ಸಲ್ಲ, ಯಂತ್ರ. ತರಬೇತಿಗೆ ಬಳಕೆಯಾಗುವ ಸೆಸ್ನಾ 152 ವಿಮಾನದ ಗರಿಷ್ಠ ಭಾರ 757 ಕಿಲೋ. ಅದರಿಂದ ಎಪ್ಪತ್ತೆಂಬತ್ತು ಕಿಲೋ ತೂಗುವ ಒಬ್ಬರು ಇಳಿದರೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಳೆದಂತೆ. ವಿಮಾನ ಎಂದಿಗಿಂತ ಮೊದಲೇ ನೆಲ ಬಿಡುತ್ತದೆ, ಎಂದಿಗಿಂತ ಚುರುಕಾಗಿ ಏರುತ್ತದೆ. ಇಳಿಯುವಾಗ ನೆಲಕ್ಕೆ ತಾಗಲು ಒಲ್ಲೆನೆಂಬಂತೆ ರನ್‌ವೇಯ ಮೇಲೆ ತೇಲುತ್ತ ಮುಂದೆ ಹೋಗುತ್ತದೆ. ಗುರುವಿನ ಅನುಪಸ್ಥಿತಿ ಹೀಗೆ ಅಳತೆಗೆ ಸಿಗುವ ಭೌತಿಕ ಸಂಗತಿಯಾಗುತ್ತದೆ. ಅದಕ್ಕೆ ತಕ್ಕಂತೆ ಕೈಯನ್ನು ಹದಗೊಳಿಸಿಕೊಳ್ಳಬೇಕಾದವನು ಶಿಷ್ಯ.

ಏರುವುದು ನಮ್ಮ ಇಚ್ಛೆಗೆ ಬಿಟ್ಟದ್ದು. ಏರಿದ ಮೇಲೆ ಇಳಿಯುವುದು ಅನಿವಾರ್ಯ. ವೇಗ ಹೆಚ್ಚಾಯಿತೆ, ಎತ್ತರ ಉಳಿಯಿತೆ, ಗಾಳಿ ಪಕ್ಕಕ್ಕೆ ತಳ್ಳುತ್ತಿದೆಯೆ? ಇವಕ್ಕೆ ಉತ್ತರ ಹೇಳಲು ಈಗ ಬೇರೆ ಯಾರೂ ಇಲ್ಲ. ಇಳಿಯುವುದು ಸರಿಯಾಗಲಾರದೆಂದು ಕಂಡರೆ ಮತ್ತೆ ಥ್ರಾಟಲ್ ಒತ್ತಿ, ಮೇಲೆದ್ದು, ಇನ್ನೊಂದು ಸುತ್ತು ಬರಬೇಕು. ಹಾಗೆ ಮಾಡುವುದು ಸೋಲಲ್ಲ, ವಿವೇಕ. ಯಕ್ಷಗಾನದಲ್ಲಿ ಭಾಗವತರು ಪದವನ್ನು ಹಾಡಿ ನಿಲ್ಲಿಸಿದ ಮೇಲೆ ಅರ್ಥ ಹೇಳಬೇಕಾದವನು ವೇಷಧಾರಿಯೇ. ಹಿಮ್ಮೇಳ ಬೆನ್ನ ಹಿಂದೆಯೇ ಇದ್ದರೂ ಮಾತು ಅವನದು. ಪ್ರಥಮ ಹಾರಾಟದವನಿಗೆ ಹಿಮ್ಮೇಳವೂ ಸಾವಿರ ಅಡಿ ಕೆಳಗೆ ಉಳಿದಿರುತ್ತದೆ.

ಕೆಳಗೆ ನಿಂತವರ ಸ್ಥಿತಿಯನ್ನೂ ನಾವು ಯೋಚಿಸಬೇಕು. ಮುಂದಿನ ಆಸನದ ಶಿಷ್ಯನ ಅಂಗಿಯನ್ನು ಹಿಂದಿನಿಂದ ಜಗ್ಗಿ ಶಿಕ್ಷಕರು ಸನ್ನೆ ಮಾಡುತ್ತಿದ್ದ ಕಾಲವೊಂದಿತ್ತಂತೆ. ಒಂಟಿ ಹಾರಾಟ ಮುಗಿಸಿದವನ ಅಂಗಿಯ ಹಿಂಭಾಗವನ್ನು ಕತ್ತರಿಸಿ ಗೋಡೆಗೆ ತೂಗುಹಾಕುವ ಅಮೆರಿಕದ ಸಂಪ್ರದಾಯಕ್ಕೆ ಇದೇ ಮೂಲವೆಂದು ಹೇಳುವುದುಂಟು. ಇನ್ನು ಜಗ್ಗುವ ಅಗತ್ಯವಿಲ್ಲ ಎಂಬುದೇ ಅದರ ತಾತ್ಪರ್ಯ. ಆದರೆ ಆ ಅಗತ್ಯ ನಿಜವಾಗಿ ತೀರಿತೆಂದು ಗುರು ತಿಳಿಯುವುದು ಹೇಗೆ? ಬೇಗ ಇಳಿದುಬಿಟ್ಟರೆ ಶಿಷ್ಯನ ಪ್ರಾಣಕ್ಕೆ ಅಪಾಯ. ತೀರ ತಡಮಾಡಿದರೆ ಬೇರೊಂದು ಹಾನಿ: ತಿದ್ದುವ ಕೈ ಯಾವಾಗಲೂ ಇದ್ದೇ ಇರುತ್ತದೆಂಬ ಅಭ್ಯಾಸ ಬೇರೂರುತ್ತದೆ. ಶಿಷ್ಯನ ಧೈರ್ಯವನ್ನು ನಾವೆಲ್ಲ ಹೊಗಳುತ್ತೇವೆ. ತಾನು ಬೇಡವಾಗುವ ಗಳಿಗೆಯನ್ನು ತಾನೇ ಗುರುತಿಸಿ, ಆಸನ ಬಿಟ್ಟು ಇಳಿಯುವ ಗುರುವಿನ ಧೈರ್ಯ ಅದಕ್ಕಿಂತ ಕಡಿಮೆಯದಲ್ಲ. ಮಕ್ಕಳನ್ನು ಬೆಳೆಸುವ ತಂದೆತಾಯಿಗಳಿಗೂ ಶಾಲೆಯ ಉಪಾಧ್ಯಾಯರಿಗೂ ಇದು ತಿಳಿಯದ ಮಾತೇನಲ್ಲ. ಆಚರಣೆಗೆ ತರುವುದೇ ಕಠಿಣ.

ಒಂಟಿತನವೆಂದರೆ ಸ್ವಚ್ಛಂದವೆಂದು ಮಾತ್ರ ಭಾವಿಸಬಾರದು. ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಗ್ರಾಮಗಳ ಜನಕ್ಕೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. 1980ರ ದಶಕದಿಂದ ಸುಮಾರು ಎರಡು ದಶಕಗಳ ಕಾಲ ಅಲ್ಲಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಹಾಸಿಗೆ ಬಿಟ್ಟೇಳಲಾರದ ಮಕ್ಕಳಿದ್ದರು. ನಿರ್ಧಾರ ಮಾಡಿದವರು ಬೇರೆ, ಯಂತ್ರ ನಡೆಸಿದವರು ಬೇರೆ ಇರಬಹುದು. ಆದರೆ ಮೇಲಿನಿಂದ ನೋಡುವವನಿಗೆ ಬರಿಯ ಹಸಿರಾಗಿ ಕಾಣುವ ನೆಲದಲ್ಲಿ ಬಾವಿಗಳಿವೆ, ಅಂಗಳಗಳಿವೆ, ಆಡುವ ಮಕ್ಕಳಿದ್ದಾರೆ. ಆಕಾಶದಲ್ಲಿ ಒಬ್ಬನೇ ಇರುವವನು ಲೋಕದಲ್ಲಿ ಒಬ್ಬನೇ ಅಲ್ಲ.

ವಾಣಿಜ್ಯ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಆ ದೀರ್ಘ ಲೆಕ್ಕದಲ್ಲಿ ಮೊದಲ ಒಂಟಿ ಸುತ್ತಿನದು ಕೆಲವು ನಿಮಿಷಗಳ ಪುಟ್ಟ ಜಮೆ. ವಿಮಾನದ ಅಧಿಪತಿ ಯಾರೆಂಬುದನ್ನು ಬರೆಯಲು ಚಾಲಕನ ದಿನಚರಿ ಪುಸ್ತಕದಲ್ಲಿ ಒಂದು ಅಂಕಣವಿದೆ. ಅಲ್ಲಿಯವರೆಗಿನ ಪ್ರತಿ ಸಾಲಿನಲ್ಲೂ ಇದ್ದುದು ಗುರುವಿನ ಹೆಸರು. ಅಂದಿನ ಸಾಲಿನಲ್ಲಿ ಬರುವ ಮಾತು ‘ಸ್ವತಃ’. ಹಾರಿದೆನೆಂಬ ಹೆಮ್ಮೆಗಿಂತ, ಇನ್ನು ಹೊಣೆ ನನ್ನದೆಂಬ ಒಪ್ಪಿಗೆಯೇ ಆ ಒಂದು ಮಾತಿನಲ್ಲಿ ಹೆಚ್ಚು.